ರಿಪೋರ್ಟ್ ನಾರ್ಮಲ್, ಆದರೆ ಅಣ್ಣನ ಕೈ ಮೇಲೇಳುತ್ತಿಲ್ಲ

ಪ್ರಶ್ನೆ: ಡಾಕ್ಟರ್ ಸಾಹೇಬರಿಗೆ ನಮಸ್ಕಾರ. ನಾನು ಗುಳೇದಗುಡ್ಡದವಳು, ವಯಸ್ಸು 34. ನಮ್ಮ ತವರು ನೇಕಾರರ ಮನೆ. ಅಪ್ಪ 45ರ ಹೊತ್ತಿಗೇ ಮಗ್ಗ ಬಿಟ್ಟರು, ಕೈ ಮೇಲೆತ್ತಲು ಆಗುತ್ತಿರಲಿಲ್ಲ. ಈಗ 66, ಕೋಲು ಹಿಡಿದು ನಡೆಯುತ್ತಾರೆ, ಹೆಜ್ಜೆ ಇಡುವಾಗ ಪಾದ ಜೋತು ಬೀಳುತ್ತದೆ. ಅಣ್ಣನಿಗೆ 38. ಮೂರು ವರ್ಷದಿಂದ ಅವನ ಬಲಗೈ ತಲೆಯ ತನಕ ಹೋಗುತ್ತಿಲ್ಲ, ಬೆನ್ನಿನ ಎಲುಬು ರೆಕ್ಕೆಯಂತೆ ಹೊರಗೆ ಬಂದಿದೆ. ರಕ್ತದ ಟೆಸ್ಟಿನಲ್ಲಿ ಸಿಪಿಕೆ 412 ಇದೆ. 20 ಸಾವಿರ ಖರ್ಚು ಮಾಡಿ ಎಕ್ಸೋಮ್ ಅನ್ನುವ ಜೀನ್ ಟೆಸ್ಟ್ ಮಾಡಿಸಿದೆವು. ‘ಯಾವ ದೋಷವೂ ಕಂಡಿಲ್ಲ’ ಎಂದು ಬಂತು. ಒಬ್ಬ ಡಾಕ್ಟರು ಸ್ಟೀರಾಯ್ಡ್ ಮಾತ್ರೆ ಬರೆದಿದ್ದಾರೆ. ಇನ್ನೊಬ್ಬರು ‘ಇದು ವಂಶದಲ್ಲೇ ಬಂದದ್ದು, ಆದರೆ ಜೀನ್ ಸರಿ ಇದೆ, ಕಸದ ಡಿಎನ್‌ಎಯಲ್ಲಿ ತೊಂದರೆ’ ಎಂದರು. ಜೀನ್ ಸರಿ ಇದ್ದರೆ ವಂಶದಲ್ಲಿ ಹೇಗೆ ಬರುತ್ತದೆ? ನಮ್ಮ ಯಜಮಾನರು ನನ್ನ ಸೋದರಮಾವನ ಮಗ. ಒಳಗೊಳಗೇ ಸಂಬಂಧ ಮಾಡಿದ್ದಕ್ಕೆ ಮುಂದೆ ಮಕ್ಕಳಿಗೂ ಇದು ಬರುತ್ತದೆ ಎಂದು ಮಂದಿ ಹೆದರಿಸುತ್ತಾರೆ. ನನಗೇನೂ ತೊಂದರೆ ಇಲ್ಲ. ಸಣ್ಣವಳಿದ್ದಾಗಿನಿಂದ ಊದುಗೊಳವೆ ಊದಲು ಮಾತ್ರ ಬರುವುದಿಲ್ಲ, ಅದಕ್ಕೆ ಅತ್ತೆ ನಗುತ್ತಾರೆ. ಮಗನಿಗೆ 11, ಮಗಳಿಗೆ 7. ಅವರಿಗೂ ಟೆಸ್ಟ್ ಮಾಡಿಸಬೇಕೇ?

ಉತ್ತರ: ತಂಗೆವ್ವಾ, ನಿಮ್ಮ ಪತ್ರ ಓದುತ್ತಾ ಊದುಗೊಳವೆಯ ಮಾತು ಬಂದಲ್ಲಿ ನಾನು ನಿಂತುಬಿಟ್ಟೆ. ಯಾಕೆ ಅಂತ ಆಮೇಲೆ ಹೇಳುತ್ತೇನೆ. ಅದಕ್ಕೂ ಮುಂಚೆ ತುರ್ತಿನ ಮಾತೊಂದಿದೆ.

ಅಣ್ಣ ತೆಗೆದುಕೊಳ್ಳುತ್ತಿರುವ ಸ್ಟೀರಾಯ್ಡ್. ಚಿಕ್ಕ ಗಂಡುಮಕ್ಕಳಿಗೆ ಬರುವ ಡುಶೆನ್ ಎಂಬ ಸ್ನಾಯುರೋಗದಲ್ಲಿ ಈ ಮಾತ್ರೆಯಿಂದ ನಿಜಕ್ಕೂ ಉಪಯೋಗವಿದೆ. ಸ್ನಾಯುವಿನ ಉರಿಯೂತದ ಕಾಯಿಲೆಗಳಲ್ಲೂ ಇದೆ. ಅಣ್ಣನಿಗೆ ಇರಬಹುದು ಎಂದು ನನಗೆ ಅನ್ನಿಸುತ್ತಿರುವ ಕಾಯಿಲೆಯಲ್ಲಿ ಇಲ್ಲ. ಶಕ್ತಿಯೇನೂ ಹೆಚ್ಚುವುದಿಲ್ಲ. ವರ್ಷಗಟ್ಟಲೆ ನುಂಗಿದರೆ ಸಕ್ಕರೆ ಕಾಯಿಲೆ, ಎಲುಬಿನ ಸವೆತ ಗಂಟುಬೀಳಬಹುದು. ಹಾಗಂತ ನಾಳೆಯಿಂದಲೇ ನಿಲ್ಲಿಸಬೇಡಿ. ಕೆಲವು ವಾರ ತೆಗೆದುಕೊಂಡ ಸ್ಟೀರಾಯ್ಡನ್ನು ಒಮ್ಮೆಲೇ ಬಿಟ್ಟರೆ ರಕ್ತದೊತ್ತಡ ಕುಸಿದು ಜೀವಕ್ಕೇ ಅಪಾಯವಾಗಬಹುದು. ಬರೆದುಕೊಟ್ಟ ಡಾಕ್ಟರ ಹತ್ತಿರ ಹೋಗಿ, ‘ಇದು ಎಫ್‌ಎಸ್‌ಎಚ್‌ಡಿ ಇರಬಹುದಾ, ಹಾಗಿದ್ದರೆ ಡೋಸ್ ಇಳಿಸುತ್ತಾ ಬರೋಣವಾ’ ಎಂದು ಕೇಳಿ. ಅವರು ಬೇಜಾರು ಮಾಡಿಕೊಳ್ಳಲಾರರು. ಮಾಡಿಕೊಂಡರೂ ಕೇಳಿ.

ಎಫ್‌ಎಸ್‌ಎಚ್‌ಡಿ ಅಂದರೆ ಮುಖ, ಹೆಗಲು, ತೋಳಿನ ಮೇಲ್ಭಾಗ ಇವುಗಳ ಸ್ನಾಯು ಸೊರಗುವ ಕಾಯಿಲೆ. ಪೂರ್ತಿ ಹೆಸರು ಫೇಸಿಯೊ ಸ್ಕ್ಯಾಪ್ಯುಲೊ ಹ್ಯೂಮರಲ್ ಮಸ್ಕ್ಯುಲರ್ ಡಿಸ್ಟ್ರೊಫಿ. ಹೇಳುವಷ್ಟರಲ್ಲಿ ನನಗೇ ಉಸಿರು ಕಟ್ಟುತ್ತದೆ, ಹಾಗಾಗಿ ಎಫ್‌ಎಸ್‌ಎಚ್‌ಡಿ ಅಂತಲೇ ಕರೆಯೋಣ. 1880ರ ದಶಕದಲ್ಲಿ ಲಾಂಡೂಝಿ ಮತ್ತು ಡೆಜೆರಿನ್ ಎಂಬ ಇಬ್ಬರು ಫ್ರೆಂಚ್ ವೈದ್ಯರು ಇದನ್ನು ವಿವರವಾಗಿ ಬರೆದರು. ನಿಮ್ಮ ಅಪ್ಪನ ಚಿತ್ರವೂ ಅಣ್ಣನ ಚಿತ್ರವೂ ಅದಕ್ಕೆ ಹೊಂದುತ್ತದೆ. ಒಂದು ಕೈ ಹೆಚ್ಚು ಸೋಲುತ್ತದೆ, ಇನ್ನೊಂದು ಕಡಿಮೆ. ಹೆಗಲ ಹಲಗೆಯ ಎಲುಬು ಹಿಂದಕ್ಕೆ ಏಳುತ್ತದೆ. ವರ್ಷಗಳು ಕಳೆದ ಮೇಲೆ ಕೆಲವರಲ್ಲಿ ಪಾದ ಜೋಲುತ್ತದೆ. ಸಿಪಿಕೆ, ಅಂದರೆ ಸ್ನಾಯು ಹಾಳಾದಾಗ ರಕ್ತಕ್ಕೆ ಸೋರುವ ಕಿಣ್ವ, ಸ್ವಲ್ಪ ಜಾಸ್ತಿ ಇರುತ್ತದೆ, ಡುಶೆನ್‌ನಲ್ಲಿ ಕಾಣುವಂತೆ ಹತ್ತು ಸಾವಿರದ ಮೇಲೆ ಹೋಗುವುದಿಲ್ಲ.

ಒಂದು ಸಣ್ಣ ಪರೀಕ್ಷೆ ಮನೆಯಲ್ಲೇ ಮಾಡಿ ನೋಡಿ. ಅಣ್ಣನಿಗೆ ಬಲಗೈ ಪಕ್ಕದಿಂದ ಮೇಲೆತ್ತಲು ಹೇಳಿ. ಎಲ್ಲಿಗೆ ನಿಲ್ಲುತ್ತದೆ ನೋಡಿಕೊಳ್ಳಿ. ಆಮೇಲೆ ನೀವು ಹಿಂದೆ ನಿಂತು, ಹೊರಗೆ ಬಂದ ಆ ಎಲುಬನ್ನು ಅಂಗೈಯಿಂದ ಬೆನ್ನಿಗೆ ಒತ್ತಿ ಹಿಡಿದು, ಮತ್ತೆ ಎತ್ತಲು ಹೇಳಿ. ಕೈ ಮೊದಲಿಗಿಂತ ಮೇಲೆ ಹೋದರೆ, ತೋಳನ್ನು ಎತ್ತುವ ಸ್ನಾಯುವಿನಲ್ಲಿ ಇನ್ನೂ ಕಸುವಿದೆ, ಎಲುಬನ್ನು ಹಿಡಿದು ನಿಲ್ಲಿಸಬೇಕಾದ ಸ್ನಾಯುಗಳು ಸೋತಿವೆ ಎಂದು ಅರ್ಥ. ಈ ಕಾಯಿಲೆಯಲ್ಲಿ ಹಾಗೆ ಆಗುವುದು ಸಾಮಾನ್ಯ.

ನಾನೂ ಈ ವಿಷಯದಲ್ಲಿ ತಪ್ಪು ಮಾಡಿದವನೇ. ಬೆಳಗಾವಿಗೆ ಬಂದ ಹೊಸತರಲ್ಲಿ ಅಥಣಿ ಕಡೆಯ ಒಬ್ಬ ರೈತರನ್ನು ‘ಹೆಗಲು ಬಿಗಿದಿದೆ’ ಎಂದು ಎಂಟು ತಿಂಗಳು ಫಿಸಿಯೋಥೆರಪಿಗೆ ಓಡಾಡಿಸಿದೆ. ಅವರ ಅಂಗಿ ಬಿಚ್ಚಿಸಿ ಬೆನ್ನು ನೋಡಿರಲಿಲ್ಲ. ಬೆನ್ನು ನೋಡಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು.

ಈಗ ನಿಮ್ಮ ಮುಖ್ಯ ಪ್ರಶ್ನೆ. ಜೀನ್ ಸರಿ ಇದೆ ಎಂದರೆ ಕಾಯಿಲೆ ವಂಶದಲ್ಲಿ ಹರಿಯುವುದು ಹೇಗೆ?

ನಮ್ಮ ಡಿಎನ್‌ಎಯಲ್ಲಿ ಸುಮಾರು 320 ಕೋಟಿ ಅಕ್ಷರಗಳಿವೆ. ಪ್ರೋಟೀನ್ ತಯಾರಿಸುವ ಜೀನುಗಳು 20 ಸಾವಿರದಷ್ಟು. ಪ್ರೋಟೀನಿಗೆ ನೇರವಾಗಿ ಸೂಚನೆ ಬರೆದಿರುವ ಜಾಗ ಇಡೀ ಡಿಎನ್‌ಎಯಲ್ಲಿ 100ಕ್ಕೆ ಒಂದೂವರೆಯಷ್ಟು. ಎಕ್ಸೋಮ್ ಟೆಸ್ಟ್ ಓದುವುದು ಆ ಒಂದೂವರೆ ಪಾಲನ್ನು. ಅದರಲ್ಲಿ ಅಕ್ಷರ ತಪ್ಪಿದೆಯಾ ಎಂದು ಹುಡುಕುತ್ತದೆ. ಅಣ್ಣನ ತೊಂದರೆ ನಾನು ಅಂದುಕೊಂಡದ್ದೇ ಆಗಿದ್ದರೆ, ಅದು ಇರುವುದು ಉಳಿದ ಜಾಗದಲ್ಲಿ. ಹಾಗಾಗಿ ಲ್ಯಾಬಿನವರು ಸುಳ್ಳು ಹೇಳಿಲ್ಲ. ಬಾದಾಮಿಯಲ್ಲಿ ಕಳೆದುಹೋದ ಆಕಳನ್ನು ಐಹೊಳೆಯಲ್ಲಿ ಹುಡುಕಿ ‘ಇಲ್ಲ’ ಎಂದರೆ ಅದೂ ನಿಜವೇ ಅಲ್ವಾ?

ಉಳಿದ ಜಾಗಕ್ಕೆ ‘ಜಂಕ್’, ಅಂದರೆ ಕಸ, ಎಂಬ ಹೆಸರು 1972ರಲ್ಲಿ ಸುಸುಮು ಓಹ್ನೊ ಎಂಬ ವಿಜ್ಞಾನಿಯ ಲೇಖನದಿಂದ ಪ್ರಚಾರಕ್ಕೆ ಬಂತು. ನನಗೆ ಆ ಹೆಸರು ಹಿಡಿಸುವುದಿಲ್ಲ. ಅದರಲ್ಲಿ ಬಹಳಷ್ಟಕ್ಕೆ ಕೆಲಸವಿಲ್ಲದೆ ಇರಬಹುದು. ಆದರೆ ಕಸ ಎಂದು ಕರೆದ ಮೇಲೆ ಯಾರೂ ಕೆದಕಿ ನೋಡುವುದಿಲ್ಲ. ಈ ಕಾಯಿಲೆಯ ಕತೆ ಇಷ್ಟು ತಡವಾಗಿ ಬಿಚ್ಚಿಕೊಂಡದ್ದಕ್ಕೆ ಆ ಹೆಸರೂ ಸ್ವಲ್ಪ ಕಾರಣ.

ನಿಮ್ಮ ಊರಿನ ಖಣ ಕಣ್ಣ ಮುಂದೆ ತಂದುಕೊಳ್ಳಿ. ಒಂದೇ ಸಣ್ಣ ಹೂವು, ಸಾಲಿನ ಮೇಲೆ ಸಾಲು, ತಾನಿನ ಕೊನೆಯ ತನಕ. ನಮ್ಮ ಡಿಎನ್‌ಎ ಕ್ರೋಮೋಸೋಮ್ ಎಂಬ ಕಟ್ಟುಗಳಲ್ಲಿದೆ, 4ನೇ ಕ್ರೋಮೋಸೋಮಿನ ಒಂದು ತುದಿಯಲ್ಲಿ ಹಾಗೇ ಒಂದು ಭಾಗವಿದೆ. ಸುಮಾರು 3,300 ಅಕ್ಷರಗಳ ಒಂದು ತುಣುಕು ಮತ್ತೆ ಮತ್ತೆ ಬರುತ್ತದೆ. ಅದರ ಹೆಸರು ಡಿ4ಝಡ್4. ಸಾಮಾನ್ಯವಾಗಿ ಜನರಲ್ಲಿ ಈ ತುಣುಕು 11ರಿಂದ 100 ಸಲ, ಕೆಲವರಲ್ಲಿ ಅದಕ್ಕೂ ಜಾಸ್ತಿ ಇರುತ್ತದೆ. ಎಫ್‌ಎಸ್‌ಎಚ್‌ಡಿ ಇರುವ ಬಹುತೇಕರಲ್ಲಿ 1ರಿಂದ 10 ಸಲ ಮಾತ್ರ. 1992ರಲ್ಲಿ ನೆದರ್ಲೆಂಡ್ಸ್‌ನ ಸಂಶೋಧಕರು ಇದನ್ನು ಕಂಡರು. ಅಂದರೆ ಒಂದು ಹೂವಿನಲ್ಲೂ ಎಳೆ ತಪ್ಪಿಲ್ಲ, ಹೂವುಗಳ ಲೆಕ್ಕ ಕಡಿಮೆಯಾಗಿದೆ. ಮಾಮೂಲಿ ಜೀನ್ ಟೆಸ್ಟ್ ಒಂದು ಸಲಕ್ಕೆ 150 ಅಕ್ಷರಗಳಷ್ಟು ಚೂರನ್ನು ಓದುತ್ತದೆ. ಒಂದು ಬೆರಳಗಲದ ಖಣದ ತುಂಡು ಕೈಗಿಟ್ಟು, ಇಡೀ ತಾನಿನಲ್ಲಿ ಎಷ್ಟು ಹೂವಿದ್ದವು ಹೇಳಿ ಎಂದರೆ ನೀವು ಹೇಳಬಲ್ಲಿರಾ? ಸಾಲದ್ದಕ್ಕೆ 10ನೇ ಕ್ರೋಮೋಸೋಮಿನ ತುದಿಯಲ್ಲೂ ಹೆಚ್ಚುಕಡಿಮೆ ಇದೇ ಹೂವಿನ ಇನ್ನೊಂದು ತಾನಿದೆ. ಕೈಗೆ ಬಂದ ಚೂರು ಯಾವ ತಾನಿನದು ಎಂಬುದೂ ತಿಳಿಯುವುದಿಲ್ಲ.

ಲೆಕ್ಕ ಕಡಿಮೆಯಾದರೆ ಏನಾಯಿತು? ಇಪ್ಪತ್ತು ವರ್ಷದ ಹತ್ತಿರ ವಿಜ್ಞಾನಿಗಳನ್ನು ಕಾಡಿದ ಪ್ರಶ್ನೆ ಇದು. ಉತ್ತರ ನಿಮಗೆ ಸುಲಭವಾಗಿ ತಿಳಿಯುತ್ತದೆ, ಯಾಕಂದರೆ ನೀವು ಕಂಡಿಕೆಗೆ ನೂಲು ಸುತ್ತಿದವರು.

ಒಂದೊಂದು ಜೀವಕೋಶದಲ್ಲೂ ಸುಮಾರು ಎರಡು ಮೀಟರ್ ಉದ್ದದ ಡಿಎನ್‌ಎ ಎಳೆ ಇದೆ. ಅದು ಸುಮ್ನೆ ಹರಡಿಕೊಂಡಿಲ್ಲ. ಹಿಸ್ಟೋನ್ ಎಂಬ ಪ್ರೋಟೀನಿನ ಸಣ್ಣ ಉಂಡೆಗಳ ಮೇಲೆ ಸುತ್ತಿಕೊಂಡಿದೆ. ಎಲ್ಲಿ ಬಿಗಿಯಾಗಿ ಸುತ್ತಿದೆಯೋ ಅಲ್ಲಿನ ಜೀನನ್ನು ಕೋಶ ಓದಲಾರದು. ಎಲ್ಲಿ ಸಡಿಲವಿದೆಯೋ ಅಲ್ಲಿ ಓದಬಲ್ಲದು. ಬಿಗಿ ಮಾಡಲು ಕೋಶ ಡಿಎನ್‌ಎ ಮೇಲೆ ಮೆಥೈಲ್ ಎಂಬ ಪುಟ್ಟ ರಾಸಾಯನಿಕ ಗುರುತು ಹಾಕುತ್ತದೆ, ಹಿಸ್ಟೋನ್ ಮೇಲೂ ಬೇರೆ ಗುರುತು ಹಾಕುತ್ತದೆ. ಅಕ್ಷರ ಒಂದೂ ಬದಲಾಗುವುದಿಲ್ಲ, ಓದಲು ಬಿಡಬೇಕೋ ಬೇಡವೋ ಎಂಬುದು ಬದಲಾಗುತ್ತದೆ. ಎಪಿಜೆನೆಟಿಕ್ಸ್ ಎಂದು ಕರೆಯುವುದು ಇದನ್ನೇ. ಕಣ್ಣಿನ ಕೋಶವೂ ಪಿತ್ತಕೋಶದ ಕೋಶವೂ ಒಂದೇ ಡಿಎನ್‌ಎ ಇಟ್ಟುಕೊಂಡು ಬೇರೆ ಬೇರೆ ಕೆಲಸ ಮಾಡುವುದು ಹೀಗೆ.

ಡಿ4ಝಡ್4 ತುಣುಕು ಸಾಲಾಗಿ ಬಹಳ ಸಲ ಬಂದರೆ ಕೋಶಕ್ಕೆ ಅದರ ಗುರುತು ಹತ್ತುತ್ತದೆ. ಬಿಗಿಯಾಗಿ ಸುತ್ತಿ ಇಡುತ್ತದೆ. ಹತ್ತಕ್ಕೆ, ಐದಕ್ಕೆ ಇಳಿದರೆ ಆ ಬಿಗಿ ನಿಲ್ಲುವುದಿಲ್ಲ. ಮೆಥೈಲ್ ಗುರುತು ಕಡಿಮೆಯಾಗುತ್ತದೆ, ಸುತ್ತು ಸಡಿಲವಾಗುತ್ತದೆ.

ಸಡಿಲವಾದರೆ ಒಳಗಿನಿಂದ ಏನು ಹೊರಗೆ ಬರುತ್ತದೆ? ಇದು ಈ ಕತೆಯ ಬಲು ಸೊಗಸಾದ ಭಾಗ, ಹಾಗೆಯೇ ಭಯಂಕರವಾದದ್ದೂ. ಪ್ರತಿ ತುಣುಕಿನೊಳಗೂ ಒಂದು ಜೀನ್ ಅಡಗಿದೆ. ಹೆಸರು ಡಿಯುಎಕ್ಸ್4. ಬಹಳ ಕಾಲ ಇದನ್ನು ಸತ್ತ ಜೀನ್ ಎಂದೇ ತಿಳಿದಿದ್ದರು. ಸತ್ತಿರಲಿಲ್ಲ. ಗರ್ಭದಲ್ಲಿ ಮನುಷ್ಯ ಬರೀ ನಾಲ್ಕು ಕೋಶದ ಮುದ್ದೆಯಾಗಿರುವಾಗ ಈ ಜೀನ್ ಎದ್ದು, ಭ್ರೂಣದ ಇತರ ಜೀನುಗಳನ್ನು ಎಬ್ಬಿಸುತ್ತದೆ. ಆಮೇಲೆ ಮಲಗಿಬಿಡುತ್ತದೆ. ದೊಡ್ಡವರ ದೇಹದಲ್ಲಿ ವೃಷಣದಂಥ ಒಂದೆರಡು ಕಡೆ ಬಿಟ್ಟರೆ ಎಲ್ಲೂ ಏಳಬಾರದು. ಎಫ್‌ಎಸ್‌ಎಚ್‌ಡಿಯಲ್ಲಿ ಇದು ಸ್ನಾಯುವಿನಲ್ಲಿ ಏಳುತ್ತದೆ. ಭ್ರೂಣದಲ್ಲಿ ನಡೆಯಬೇಕಿದ್ದ ಕೆಲಸಗಳನ್ನು ದುಡಿಯುವ ಸ್ನಾಯುವಿನಲ್ಲಿ ಶುರು ಮಾಡುತ್ತದೆ. ಸ್ನಾಯುಕೋಶ ತಾಳಲಾರದೆ ಸಾಯುತ್ತದೆ.

ಎಲ್ಲ ಕೋಶಗಳಲ್ಲೂ ಒಟ್ಟಿಗೆ ಏಳುವುದಿಲ್ಲ, ಅದೇ ಪುಣ್ಯ. ರೋಗಿಗಳಿಂದ ತೆಗೆದು ಲ್ಯಾಬಿನಲ್ಲಿ ಬೆಳೆಸಿದ ಸ್ನಾಯುಕೋಶಗಳನ್ನು ನೋಡಿದರೆ ಸುಮಾರು 1000ಕ್ಕೆ 1ರಲ್ಲಿ ಮಾತ್ರ ಇದು ಎಚ್ಚರವಾಗಿರುತ್ತದೆ. ಇಂದು ಇಲ್ಲಿ, ನಾಳೆ ಅಲ್ಲಿ. ಅದಕ್ಕೇ ಕಾಯಿಲೆ ಇಷ್ಟು ನಿಧಾನ. ಅಪ್ಪನಿಗೆ 20 ವರ್ಷ ಹಿಡಿದದ್ದೂ ಅದಕ್ಕೇ. ವಿಜ್ಞಾನಿಗಳ ಕಣ್ಣಿಗೆ ಅದು ಬೀಳದೆ ಉಳಿದದ್ದಕ್ಕೂ ಅದೇ ಕಾರಣ.

ಇಲ್ಲಿಗೆ ಮುಗಿಯಲಿಲ್ಲ. ತುಣುಕು ಕಡಿಮೆ ಇದ್ದರೂ ಕಾಯಿಲೆ ಬಾರದವರು ಇದ್ದರು. ಇದು ಹೇಗೆ? 2010ರಲ್ಲಿ ಉತ್ತರ ಸಿಕ್ಕಿತು. ಜೀನ್ ಎದ್ದಾಗ ಕೋಶ ಅದರ ನಕಲು ಎಳೆಯೊಂದನ್ನು ತೆಗೆಯುತ್ತದೆ, ಅದು ಆರ್‌ಎನ್‌ಎ. ಆ ಎಳೆಯ ತುದಿಗೆ ಗಂಟು ಬೀಳಬೇಕು. ಗಂಟಿಲ್ಲದ ನೂಲು ಬಿಚ್ಚಿ ಹೋಗುವಂತೆ ಗಂಟಿಲ್ಲದ ಆರ್‌ಎನ್‌ಎ ಬೇಗ ಹಾಳಾಗುತ್ತದೆ, ಅದರಿಂದ ಪ್ರೋಟೀನ್ ಆಗುವುದಿಲ್ಲ. ಡಿಯುಎಕ್ಸ್4ಗೆ ಸ್ವಂತ ಗಂಟಿಲ್ಲ. ಕೊನೆಯ ತುಣುಕಿನ ಆಚೆ ಇರುವ ಡಿಎನ್‌ಎಯಿಂದ ಕಡ ತರಬೇಕು. 4ನೇ ಕ್ರೋಮೋಸೋಮಿನ ತುದಿ ಮನುಷ್ಯರಲ್ಲಿ ಎರಡು ಬಗೆ: 4ಕ್ಯೂಎ, 4ಕ್ಯೂಬಿ. ಎರಡೂ ಹೆಚ್ಚುಕಡಿಮೆ ಸಮನಾಗಿ ಕಾಣುತ್ತವೆ. ‘ಎ’ ಬಗೆಯಲ್ಲಿ ಎ-ಟಿ-ಟಿ-ಎ-ಎ-ಎ ಎಂಬ ಆರು ಅಕ್ಷರಗಳಿವೆ. ಗಂಟು ಬೀಳುವುದು ಅಲ್ಲಿ. ‘ಬಿ’ ಬಗೆಯಲ್ಲಿ ಅದಿಲ್ಲ, 10ನೇ ಕ್ರೋಮೋಸೋಮಿನಲ್ಲೂ ಸರಿಯಾಗಿ ಇಲ್ಲ. ಹಾಗಾಗಿ ಅಲ್ಲಿ ಎಷ್ಟು ಕಡಿಮೆಯಾದರೂ ಕಾಯಿಲೆ ಬರುವುದಿಲ್ಲ. ಇನ್ನೂ ಒಂದು ತಮಾಷೆ: ಈ ತುಣುಕು ಒಂದೂ ಇಲ್ಲದೆ ಪೂರ್ತಿ ಅಳಿದುಹೋದವರಿಗೂ ಈ ಕಾಯಿಲೆ ಬರುವುದಿಲ್ಲ. ಏಳಲು ಒಂದಾದರೂ ಡಿಯುಎಕ್ಸ್4 ಇರಬೇಕಲ್ಲ.

ನೂರಕ್ಕೆ 95 ಜನರಲ್ಲಿ ಕತೆ ಇಷ್ಟೇ. ಉಳಿದ 5 ಜನರಲ್ಲಿ ತುಣುಕುಗಳ ಲೆಕ್ಕ ಅಷ್ಟೇನೂ ಇಳಿದಿರುವುದಿಲ್ಲ. ಬಿಗಿಯಾಗಿ ಸುತ್ತುವ ಕೆಲಸ ಮಾಡುವವನೇ ಸೋತಿರುತ್ತಾನೆ. 18ನೇ ಕ್ರೋಮೋಸೋಮಿನಲ್ಲಿರುವ ಎಸ್‌ಎಂಸಿಎಚ್‌ಡಿ1 ಎಂಬ ಜೀನ್ ಅದು. ಬಹುತೇಕ ಸಲ ಇದರಲ್ಲೇ ದೋಷ ಎಂದು 2012ರಲ್ಲಿ ಗೊತ್ತಾಯಿತು. ಅಂಥವರಲ್ಲಿ ಎರಡು ಬೇರೆ ಬೇರೆ ಸಂಗತಿಗಳು ಒಬ್ಬರಲ್ಲೇ ಕೂಡಬೇಕು: ಸೋತ ಸುತ್ತುವವನು, ಮತ್ತು ಗಂಟಿರುವ ‘ಎ’ ತುದಿ. ಒಂದೇ ಇದ್ದರೆ ಸಾಲದು.

ಒಂದು ಎಚ್ಚರಿಕೆ. ಎಪಿಜೆನೆಟಿಕ್ಸ್ ಎಂಬ ಪದ ಈಗ ಮೊಬೈಲಿನ ತುಂಬ ಹರಿದಾಡುತ್ತಿದೆ. ‘ನಿಮ್ಮ ಜೀನನ್ನು ನೀವೇ ಬದಲಿಸಿ’ ಎಂದು ಪುಡಿ, ಕಷಾಯ, ಪಥ್ಯ ಮಾರುವವರಿದ್ದಾರೆ. ಸಡಿಲಾದ ಈ ಸುತ್ತನ್ನು ಬಿಗಿ ಮಾಡುವ ಯಾವ ಊಟವೂ ಇಲ್ಲ, ಯಾವ ಪುಡಿಯೂ ಇಲ್ಲ. ಅಪ್ಪ ಏನೋ ತಿಂದದ್ದಕ್ಕೆ, ಯಾವುದೋ ಚಿಂತೆ ಮಾಡಿದ್ದಕ್ಕೆ ಇದು ಸಡಿಲಾದದ್ದೂ ಅಲ್ಲ. ಹುಟ್ಟುವಾಗಲೇ ಲೆಕ್ಕ ಕಡಿಮೆ ಇತ್ತು, ಅಷ್ಟೇ. ಜೋಳದ ರೊಟ್ಟಿ, ಪಲ್ಯ, ಮೊಸರು, ಕಾಳು ಚೆನ್ನಾಗಿ ತಿನ್ನಲಿ, ತೂಕ ಏರದಂತೆ ನೋಡಿಕೊಳ್ಳಲಿ. ಸೋತ ಕಾಲಿನ ಮೇಲೆ ತೂಕ ಹೇರಿದರೆ ನಡೆಯುವುದು ಇನ್ನೂ ಕಷ್ಟ. ಪುಡಿಗೆ ಕೊಡುವ ದುಡ್ಡು ಉಳಿಸಿ.

ಇನ್ನು ಮದುವೆಯ ಮಾತು. ಸೋದರಿಕೆಯ ಮದುವೆ ನಮ್ಮ ಕಡೆ ಮನೆಮನೆಯ ಪದ್ಧತಿ. ಅದರಿಂದ ಕೆಲವು ಕಾಯಿಲೆಗಳ ಸಾಧ್ಯತೆ ಹೆಚ್ಚುತ್ತದೆ, ಅದನ್ನು ಮುಚ್ಚಿಡುವುದಿಲ್ಲ. ತಂದೆ ತಾಯಿ ಇಬ್ಬರಿಂದಲೂ ದೋಷದ ಒಂದೊಂದು ಪ್ರತಿ ಬಂದರೆ ಮಾತ್ರ ಕಾಣಿಸಿಕೊಳ್ಳುವ ಕಾಯಿಲೆಗಳು ಅವು. ಸೊಂಟ, ತೊಡೆಯ ಸ್ನಾಯು ಸೋಲುವ ಲಿಂಬ್ ಗರ್ಡಲ್ ಎಂಬ ಗುಂಪಿನಲ್ಲಿ ಅಂಥವು ಬಹಳ. ಎಫ್‌ಎಸ್‌ಎಚ್‌ಡಿ ಹಾಗಲ್ಲ. ಇಲ್ಲಿ ತಂದೆ ಅಥವಾ ತಾಯಿ, ಒಬ್ಬರಿಂದ ತುಣುಕು ಕಡಿಮೆ ಇರುವ ಒಂದು ಗಿಡ್ಡ ತುದಿ ಬಂದರೆ ಸಾಕು. ಬರುವುದು ಬಾರದಿರುವುದು ಪ್ರತಿ ಮಗುವಿಗೂ ಸಮಸಮ, ನಾಣ್ಯ ಚಿಮ್ಮಿದಂತೆ. ನಿಮ್ಮ ಅಪ್ಪ ಬೇರೆ ರಾಜ್ಯದ ಹೆಣ್ಣನ್ನು ಮದುವೆಯಾಗಿದ್ದರೂ ಅಣ್ಣನಿಗೆ ಬರುವ ಸಾಧ್ಯತೆ ಅಷ್ಟೇ ಇರುತ್ತಿತ್ತು. ಇನ್ನು ನಿಮ್ಮ ಯಜಮಾನರು ನಿಮಗೆ ನೆಂಟರಾದದ್ದು ತಾಯಿಯ ಕಡೆಯಿಂದ, ಕಾಯಿಲೆ ಇರುವುದು ತಂದೆಯ ಕಡೆ. ಆದ್ದರಿಂದ ಈ ಒಂದು ವಿಷಯದಲ್ಲಿ ನಿಮ್ಮ ಮದುವೆಯನ್ನು ಕಟಕಟೆಗೆ ಎಳೆಯುವುದು ಬೇಡ. ಅಪ್ಪನ ಹಿಂದಿನವರಲ್ಲಿ ಯಾರಿಗೂ ಇರಲಿಲ್ಲ ಎಂದಾದರೂ ಆಶ್ಚರ್ಯವಿಲ್ಲ. ಈ ಕಾಯಿಲೆ ಇರುವವರಲ್ಲಿ ನೂರಕ್ಕೆ 10ರಿಂದ 30 ಜನರಲ್ಲಿ ಇದು ಹೊಸದಾಗಿ ಹುಟ್ಟಿಕೊಂಡಿರುತ್ತದೆ.

ಈಗ ಊದುಗೊಳವೆ. ಈ ಕಾಯಿಲೆ ಮುಖದ ಸ್ನಾಯುಗಳನ್ನು ಮೊದಲು ಮುಟ್ಟುತ್ತದೆ, ಆದರೆ ಎಷ್ಟು ಮೆಲ್ಲಗೆ ಎಂದರೆ ಮನೆಯವರಿಗೆ ಅದು ‘ಮುಖದ ಚಹರೆ’ ಅನ್ನಿಸುತ್ತದೆ. ತುಟಿ ಗುಂಡಗೆ ಮಾಡಲು ಬರುವುದಿಲ್ಲ. ಸೀಟಿ ಹೊಡೆಯಲು ಬರುವುದಿಲ್ಲ. ಬಲೂನು ಊದುವುದು, ಸ್ಟ್ರಾ ಹಾಕಿ ಎಳನೀರು ಕುಡಿಯುವುದು ಕಷ್ಟ. ನಿದ್ದೆಯಲ್ಲಿ ಕಣ್ಣು ಪೂರ್ತಿ ಮುಚ್ಚುವುದಿಲ್ಲ. ನಕ್ಕರೆ ತುಟಿಯ ಕೊನೆ ಮೇಲೇಳದೆ ಅಡ್ಡಕ್ಕೆ ಹೋಗುತ್ತದೆ. ನಿಮಗೆ ಇದೇ ಇದೆ ಎಂದು ನಾನು ಹೇಳುತ್ತಿಲ್ಲ. ಊದುಗೊಳವೆ ಊದಲು ಬಾರದ ಆರೋಗ್ಯವಂತರು ಬೇಕಾದಷ್ಟು ಜನ ಇದ್ದಾರೆ, ಗ್ಯಾಸ್ ಬಂದ ಮೇಲಂತೂ ಯಾರಿಗೆ ಅಭ್ಯಾಸವಿದೆ? ಆದರೆ ನಿಮ್ಮ ತಂದೆಯ ಮಗಳಾಗಿ ನಿಮಗೆ ಸಾಧ್ಯತೆ ಅರ್ಧಕ್ಕರ್ಧ. ಹೆಂಗಸರಲ್ಲಿ ಇದು ಸಾಮಾನ್ಯವಾಗಿ ಗಂಡಸರಿಗಿಂತ ತಡವಾಗಿ, ಹಗುರಾಗಿ ಕಾಣಿಸಿಕೊಳ್ಳುತ್ತದೆ. ತುಣುಕುಗಳು 8ರಿಂದ 10 ಇದ್ದರೆ ಕೆಲವರಿಗೆ ಜೀವನಪೂರ್ತಿ ಏನೂ ಗೊತ್ತಾಗದೆ ಇರಬಹುದು. ಹಾಗಾಗಿ ಮಕ್ಕಳ ಪ್ರಶ್ನೆಗಿಂತ ಮೊದಲು ನಿಮ್ಮ ಪ್ರಶ್ನೆ ಬರುತ್ತದೆ. ನಿಮ್ಮಲ್ಲಿ ಆ ಗಿಡ್ಡ ತುದಿ ಇಲ್ಲವಾದರೆ ಮಕ್ಕಳಿಗೆ ಅಜ್ಜನಿಂದ ಅದು ಹಾರಿ ಬರುವುದಿಲ್ಲ.

ಮಕ್ಕಳಿಗೆ ಟೆಸ್ಟ್ ಈಗ ಬೇಡ. ಓಡಾಡುವ, ಆಡುವ, ಯಾವ ತೊಂದರೆಯೂ ಇಲ್ಲದ ಮಗುವಿಗೆ ಮುಂದೆ ಬರಬಹುದಾದ, ತಡೆಯಲಾಗದ ಕಾಯಿಲೆಯ ಟೆಸ್ಟ್ ಮಾಡಿಸದಿರುವುದೇ ಜಗತ್ತಿನ ಬಹುತೇಕ ಕಡೆಯ ವೈದ್ಯರ ಪದ್ಧತಿ. ಗೊತ್ತಾದರೆ ಮಾಡುವುದೇನು? ಶಾಲೆಯಲ್ಲಿ, ಬಳಗದಲ್ಲಿ, ಮದುವೆಯ ಮಾತಿನಲ್ಲಿ ಅದು ಹಣೆಗೆ ಅಂಟಿಕೊಳ್ಳುತ್ತದೆ. ಹದಿನೆಂಟು ದಾಟಲಿ, ಅವರೇ ತೀರ್ಮಾನಿಸಲಿ. ಕಣ್ಣು ಮುಚ್ಚುವುದಿಲ್ಲ, ನಗು ಬದಲಾಗಿದೆ, ಕಿವಿ ಸರಿಯಾಗಿ ಕೇಳುವುದಿಲ್ಲ, ಓಡುವಾಗ ಬೀಳುತ್ತದೆ ಅನ್ನಿಸಿದರೆ ಮಾತ್ರ ಕಾಯಬೇಡಿ. ತುಣುಕು 1ರಿಂದ 3 ಮಾತ್ರ ಇರುವ ಮಕ್ಕಳಲ್ಲಿ ಕಾಯಿಲೆ ಬೇಗ ಬರಬಹುದು, ಕಿವಿಗೂ ಕಣ್ಣಿನ ಅಕ್ಷಿಪಟಕ್ಕೂ ತೊಂದರೆಯಾಗಬಹುದು. ಅದು ಅಪರೂಪ.

ಅಣ್ಣನಿಗೆ ಬೇಕಾದ ಟೆಸ್ಟ್ ಯಾವುದು? ಎಕ್ಸೋಮ್ ಮತ್ತೆ ಮಾಡಿಸಬೇಡಿ. ಸ್ನಾಯುವಿನ ತುಂಡು ತೆಗೆಯುವ ಬಯಾಪ್ಸಿಯೂ ಈ ಕಾಯಿಲೆಯ ಗುಮಾನಿಯಲ್ಲಿ ಮೊದಲು ಬೇಕಿಲ್ಲ, ಅದರಲ್ಲಿ ಈ ಕಾಯಿಲೆಯದೇ ಎಂಬ ಗುರುತು ಸಿಗುವುದಿಲ್ಲ. ‘ಡಿ4ಝಡ್4 ರಿಪೀಟ್ ಸೈಜಿಂಗ್’ ಎಂದು ಕೇಳಬೇಕು. ಹಳೆಯ ವಿಧಾನ ಸದರ್ನ್ ಬ್ಲಾಟ್. ಹೊಸದರಲ್ಲಿ ಆಪ್ಟಿಕಲ್ ಜೀನೋಮ್ ಮ್ಯಾಪಿಂಗ್ ಇದೆ, ಉದ್ದುದ್ದ ಚೂರುಗಳನ್ನೇ ಓದುವ ಲಾಂಗ್ ರೀಡ್ ಸೀಕ್ವೆನ್ಸಿಂಗ್ ಇದೆ. ಇವು ತಾನನ್ನು ಕತ್ತರಿಸದೆ ಬಿಡಿಸಿ ಹೂವು ಎಣಿಸಿದಂತೆ. ರಿಪೋರ್ಟಿನಲ್ಲಿ ಎರಡು ಮಾತು ಇರಲೇಬೇಕು: 4ನೇ ಕ್ರೋಮೋಸೋಮಿನಲ್ಲಿ ತುಣುಕು ಎಷ್ಟು, ಮತ್ತು ಆ ತುದಿ 4ಕ್ಯೂಎ ಹೌದೋ ಅಲ್ಲವೋ. ಎರಡನೆಯದು ಇಲ್ಲದ ರಿಪೋರ್ಟ್ ಅರ್ಧ ರಿಪೋರ್ಟ್. ಲೆಕ್ಕ 10ಕ್ಕಿಂತ ಜಾಸ್ತಿ ಬಂದು, ಚಿಹ್ನೆ ಮಾತ್ರ ಹೊಂದಿದರೆ ಆಗ ಮೆಥೈಲ್ ಪ್ರಮಾಣ ಮತ್ತು ಎಸ್‌ಎಂಸಿಎಚ್‌ಡಿ1 ನೋಡುತ್ತಾರೆ.

ಹಣ ಕಟ್ಟುವ ಮುಂಚೆ ಒಮ್ಮೆ ಬೆಂಗಳೂರಿನ ನಿಮ್ಹಾನ್ಸ್‌ಗೆ ಹೋಗಿ ಬನ್ನಿ ಎಂಬುದು ನನ್ನ ಸಲಹೆ. ಅಲ್ಲಿ ನರ-ಸ್ನಾಯು ರೋಗಗಳನ್ನೇ ನೋಡುವವರಿದ್ದಾರೆ. ಗೋಲಗುಂಬಜ್ ಎಕ್ಸ್‌ಪ್ರೆಸ್ ಬಾಗಲಕೋಟೆ, ಬಾದಾಮಿ ಮೇಲೆಯೇ ಹೋಗುತ್ತದೆ, ಅಪ್ಪನಿಗೂ ಬಸ್ಸಿನ ಮೆಟ್ಟಿಲು ಹತ್ತುವ ತ್ರಾಸಿಲ್ಲ.

ಔಷಧ? ಕಾಯಿಲೆಯನ್ನು ನಿಲ್ಲಿಸುವ ಔಷಧ ಈಗ ಇಲ್ಲ. ಲೋಸ್ಮಾಪಿಮೋಡ್ ಎಂಬ ಮಾತ್ರೆಯ ಮೇಲೆ ನಮಗೆಲ್ಲ ಆಸೆ ಇತ್ತು. 2024ರಲ್ಲಿ ಅದರ ಮೂರನೇ ಹಂತದ ದೊಡ್ಡ ಪರೀಕ್ಷೆ ಸೋತಿತು. ಡಿಯುಎಕ್ಸ್4ನ ಆರ್‌ಎನ್‌ಎ ಎಳೆಯನ್ನೇ ಹುಡುಕಿ ಕತ್ತರಿಸುವ ಚುಚ್ಚುಮದ್ದುಗಳು ವಿದೇಶದಲ್ಲಿ ರೋಗಿಗಳ ಮೇಲೆ ಪರೀಕ್ಷೆಯಲ್ಲಿವೆ. ನನ್ನ ಆಸೆ ಈಗ ಅವುಗಳ ಮೇಲೆ. ಕಾರಣ ಎಲ್ಲಿದೆ ಎಂದು ಗೊತ್ತಾಗಿದೆಯಲ್ಲ, ಗುರಿ ಇಡಲು ಜಾಗ ಸಿಕ್ಕಿದೆ. ಆದರೆ ಯಾರಾದರೂ ‘ಸ್ಟೆಮ್ ಸೆಲ್ ಹಾಕಿ ಗುಣ ಮಾಡುತ್ತೇವೆ’ ಎಂದು ಲಕ್ಷ ಲಕ್ಷ ಕೇಳಿದರೆ ಎದ್ದು ಬನ್ನಿ.

ಇಂದು ಮಾಡಬಹುದಾದದ್ದು ಕಡಿಮೆಯೇನಿಲ್ಲ. ಅಣ್ಣ ದಿನಾ ನಡೆಯಲಿ, ಇಲ್ಲವೇ ಸೈಕಲ್ ತುಳಿಯಲಿ. ಮೈ ಬೆವರುವಷ್ಟು ಸಾಕು, ಮರುದಿನ ನೋವು ಉಳಿಯುವಷ್ಟು ಬೇಡ. ನೆದರ್ಲೆಂಡ್ಸ್‌ನಲ್ಲಿ ನಡೆದ ಅಧ್ಯಯನದಲ್ಲಿ ಇಂಥ ವ್ಯಾಯಾಮ ಮಾಡಿದವರಿಗೆ ಸುಸ್ತು ಕಡಿಮೆಯಾಯಿತು, ಸ್ನಾಯುವಿನಲ್ಲಿ ಕೊಬ್ಬು ತುಂಬುವುದೂ ನಿಧಾನವಾಯಿತು. ‘ಕೈ ಸೋತಿದೆ, ಆಡಿಸಬೇಡ’ ಎಂದು ಕೂರಿಸುವುದು ತಪ್ಪು, ಜಿಮ್ಮಿಗೆ ಕಳಿಸಿ ಭಾರ ಎತ್ತಿಸುವುದೂ ತಪ್ಪು. ಎಣ್ಣೆ ತಿಕ್ಕಿದರೆ ನೋವಿಗೆ ಹಿತ, ತಿಕ್ಕಿ. ಅದರಿಂದ ಸ್ನಾಯು ಬೆಳೆಯುವುದಿಲ್ಲ. ಅಪ್ಪನ ಜೋಲುವ ಪಾದಕ್ಕೆ ಎಎಫ್‌ಒ ಎಂಬ ಹಗುರಾದ ಪ್ಲಾಸ್ಟಿಕ್ ಪಟ್ಟಿ ಸಿಗುತ್ತದೆ, ಚಪ್ಪಲಿಯ ಬದಲು ಬೂಟಿನೊಳಗೆ ಹಾಕಿಕೊಂಡರೆ ಎಡವುವುದು ನಿಲ್ಲುತ್ತದೆ. ಕಣ್ಣು ಅರೆ ತೆರೆದು ಮಲಗುವವರಿದ್ದರೆ ರಾತ್ರಿ ಕಣ್ಣಿಗೆ ಜೆಲ್ ಹಾಕಬೇಕು, ಇಲ್ಲದಿದ್ದರೆ ಒಣಗಿ ಹುಣ್ಣಾಗುತ್ತದೆ. ಹೆಗಲ ಎಲುಬನ್ನು ಪಕ್ಕೆಲುಬಿಗೆ ಕಟ್ಟಿ ನಿಲ್ಲಿಸುವ ಆಪರೇಷನ್ನೂ ಇದೆ. ಮನೆಯ ಪರೀಕ್ಷೆಯಲ್ಲಿ ಅಣ್ಣನ ಕೈ ಚೆನ್ನಾಗಿ ಮೇಲೆ ಹೋದರೆ ಆ ಮಾತು ಆಡಬಹುದು, ಅವಸರವಿಲ್ಲ.

ಅಪ್ಪನಿಗೆ ಅಂಗವಿಕಲರ ಯುಡಿಐಡಿ ಕಾರ್ಡ್ ಮಾಡಿಸಿದ್ದೀರಾ? 2016ರ ಕಾಯಿದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಮಸ್ಕ್ಯುಲರ್ ಡಿಸ್ಟ್ರೊಫಿ ಹೆಸರು ಹಿಡಿದು ಇದೆ. 40 ಪರ್ಸೆಂಟ್ ಅಥವಾ ಹೆಚ್ಚು ಎಂದು ವೈದ್ಯರ ಮಂಡಳಿ ಬರೆದರೆ ಸರ್ಕಾರದ ಸೌಲಭ್ಯಗಳಿಗೆ ದಾರಿಯಾಗುತ್ತದೆ. ಜಿಲ್ಲಾ ಆಸ್ಪತ್ರೆಯಲ್ಲಿ ಕೇಳಿ. ‘ವಯಸ್ಸಾಯಿತು, ಕೈ ಸೋತಿದೆ’ ಎಂದು ಹೇಳಿಕೊಂಡರೆ ಹಿಂದಕ್ಕೆ ಕಳಿಸುತ್ತಾರೆ, ಕಾಯಿಲೆಯ ಹೆಸರು ಇರುವ ಚೀಟಿ ತೋರಿಸಿ.

ಒಂದು ಸಮಾಧಾನದ ಮಾತನ್ನೂ ಹೇಳಬೇಕು, ಅದು ಸುಳ್ಳಲ್ಲ. ಈ ಕಾಯಿಲೆ ಸಾಮಾನ್ಯವಾಗಿ ಹೃದಯವನ್ನು ಕಾಡುವುದಿಲ್ಲ, ಬಹುತೇಕರ ಆಯುಷ್ಯವನ್ನೂ ಕಡಿಮೆ ಮಾಡುವುದಿಲ್ಲ. ಗಾಲಿಕುರ್ಚಿ ಬೇಕಾಗುವುದು ಐದರಲ್ಲಿ ಒಬ್ಬರಿಗೆ. ಅಪ್ಪ 66ಕ್ಕೂ ನಡೆಯುತ್ತಿದ್ದಾರಲ್ಲ.

ಡಾಕ್ಟರ ಹತ್ತಿರ ಹೋಗುವಾಗ ರಿಪೋರ್ಟುಗಳ ಜೊತೆ ಅಪ್ಪನ ಮದುವೆಯ ಫೋಟೊ ಒಯ್ಯಿರಿ. ನಿಮ್ಮದೂ, ಅಣ್ಣನದೂ. ನಗುತ್ತಿರುವ ಫೋಟೊ ಇದ್ದರೆ ಒಳ್ಳೆಯದು. ಇಪ್ಪತ್ತೈದರ ವಯಸ್ಸಿನಲ್ಲಿ ತುಟಿ ಹೇಗೆ ನಗುತ್ತಿತ್ತು ಎಂಬುದನ್ನು ಈಗ ಯಾವ ಯಂತ್ರವೂ ತೋರಿಸಲಾರದು. ಅಣ್ಣ ಅಂಗಿ ಸುಲಭವಾಗಿ ಬಿಚ್ಚುವಂಥದ್ದು ಹಾಕಿಕೊಂಡು ಹೋಗಲಿ. ಅಲ್ಲಿನವರು ಬೆನ್ನು ನೋಡದಿದ್ದರೆ, ನೋಡಿ ಎಂದು ನೀವೇ ಹೇಳಿ.